ಮೌನಗುರು ಶ್ರೀ ರಮಣ ಮಹರ್ಷಿಗಳು

ಮಾತಿನ ಮಹಿಮೆಯನ್ನು ಕೊಂಡಾಡದ ಸಾಹಿತ್ಯವಿಲ್ಲ. ಮೌನದ ಮಹಿಮೆಯನ್ನು ಸಾರದ ಅಧ್ಯಾತ್ಮವಿಲ್ಲ. ಮೇಲುನೋಟಕ್ಕೆ ಇವೆರಡೂ ಪರಸ್ಪರ ವಿರುದ್ಧವಾದ ದಾರಿಗಳೆಂದು ತೋರುತ್ತವೆ. ಆದರೆ ಕಾವ್ಯಮೀಮಾಂಸೆಯ ಪರಿಚಯವುಳ್ಳವರಿಗೆ ಈ ವಿರೋಧವು ತೋರಿಕೆಯದೆಂಬುದು ತಿಳಿದ ಸಂಗತಿಯೇ. ಒಂಬತ್ತನೆಯ ಶತಮಾನದ ಆನಂದವರ್ಧನನು ವಾಚ್ಯಾರ್ಥವನ್ನು ಮೀರಿದ ಧ್ವನಿಯನ್ನು ಕಾವ್ಯದ ಆತ್ಮವೆಂದು ಸ್ಥಾಪಿಸಿದಾಗ, ಕವಿಯು ಹೇಳಿದ್ದಕ್ಕಿಂತ ಹೇಳದೆ ಉಳಿಸಿದ್ದೇ ಸಹೃದಯನ ಎದೆಯನ್ನು ಮುಟ್ಟುತ್ತದೆಂಬ ಸತ್ಯವನ್ನು ಶಾಸ್ತ್ರವಾಗಿ ನಿರೂಪಿಸಿದನು. ಹೀಗೆ ಶ್ರೇಷ್ಠವಾದ ಮಾತು ಮೌನದ ಕಡೆಗೆ ನಡೆಯುತ್ತದೆ. ಶ್ರೇಷ್ಠವಾದ ಮೌನವೂ ಕೆಲವೊಮ್ಮೆ ಲೋಕಾನುಗ್ರಹಕ್ಕಾಗಿ ಮಾತಿನ ಕಡೆಗೆ ಇಳಿದುಬರುತ್ತದೆ. ಇವೆರಡೂ ಒಂದೇ ಬದುಕಿನಲ್ಲಿ ಕೂಡಿ ಕಾಣಿಸಿಕೊಂಡ ನಿದರ್ಶನವು ನಮ್ಮ ಕಾಲಕ್ಕೆ ಸಮೀಪದಲ್ಲಿಯೇ ಇದೆ. ಅದು ಅರುಣಾಚಲದ ಶ್ರೀ ರಮಣ ಮಹರ್ಷಿಗಳ ಜೀವನ.

ಆದರೆ ಆ ಜೀವನವನ್ನು ಬರಿಯ ಭಕ್ತಿಯಿಂದ ಸ್ಮರಿಸಿದರೆ ಸಾಲದು. ಅದು ಒಂದು ಕಠಿಣವಾದ ಪ್ರಶ್ನೆಯನ್ನು ನಮ್ಮ ಮುಂದೆ ಇಡುತ್ತದೆ. ಹೆತ್ತ ತಾಯಿಯು ಕಣ್ಣೀರಿಡುತ್ತ ಎದುರಿಗೆ ನಿಂತಾಗಲೂ ತುಟಿ ಬಿಚ್ಚದ ಮಗನ ಮೌನವು ತಪಸ್ಸೋ, ನಿಷ್ಠುರತೆಯೋ? ಇದಕ್ಕೆ ಉತ್ತರವು ಒಂದು ಘಟನೆಯಲ್ಲಿ ದೊರೆಯುವುದಿಲ್ಲ; ಇಡೀ ಜೀವನವನ್ನು ಅವಲೋಕಿಸಿದಾಗ ಮಾತ್ರ ದೊರೆಯುತ್ತದೆ.

ಬಾಲ್ಯ ಮತ್ತು ಮಹಾಪ್ರಸ್ಥಾನ

ಪಾಂಡ್ಯದೇಶದ ಮಧುರೆಯ ಸಮೀಪದಲ್ಲಿ ತಿರುಚ್ಚುಳಿ ಎಂಬ ಶಿವಕ್ಷೇತ್ರವಿದೆ. ಅಲ್ಲಿ ವಕೀಲಿ ವೃತ್ತಿಯನ್ನು ನಡೆಸುತ್ತಿದ್ದ ಸುಂದರಂ ಅಯ್ಯರ್ ಮತ್ತು ಅಳಗಮ್ಮ ದಂಪತಿಗಳಿಗೆ 1879ನೆಯ ಇಸವಿ ಡಿಸೆಂಬರ್ 30ರಂದು, ಆರ್ದ್ರಾದರ್ಶನದ ಪುಣ್ಯಪರ್ವದಲ್ಲಿ ಎರಡನೆಯ ಮಗನು ಜನಿಸಿದನು. ಮಗುವಿಗೆ ವೆಂಕಟರಾಮನ್ ಎಂದು ಹೆಸರಿಟ್ಟರು. ಹುಡುಗನಲ್ಲಿ ಅಸಾಧಾರಣವಾದ ಲಕ್ಷಣಗಳೇನೂ ಕಾಣುತ್ತಿರಲಿಲ್ಲ. ಆಟೋಟಗಳಲ್ಲಿ ಆಸಕ್ತಿ, ಪಾಠಗಳಲ್ಲಿ ಉದಾಸೀನ, ಗಾಢವಾದ ನಿದ್ರೆ, ಇವು ಅವನ ಬಾಲ್ಯದ ವಿಶೇಷಗಳು. 1892ರಲ್ಲಿ ತಂದೆಯು ತೀರಿಕೊಂಡ ಮೇಲೆ ಅಣ್ಣ ನಾಗಸ್ವಾಮಿಯೊಡನೆ ಅವನು ಮಧುರೆಯಲ್ಲಿದ್ದ ಚಿಕ್ಕಪ್ಪನ ಮನೆಗೆ ಬಂದನು. ಅಲ್ಲಿನ ಸ್ಕಾಟ್ ಮಾಧ್ಯಮಿಕ ಶಾಲೆಯಲ್ಲಿಯೂ ಅನಂತರ ಅಮೆರಿಕನ್ ಮಿಷನ್ ಪ್ರೌಢಶಾಲೆಯಲ್ಲಿಯೂ ವ್ಯಾಸಂಗ ಮಾಡಿದನು.

1895ರಲ್ಲಿ ಊರಿನಿಂದ ಬಂದ ವೃದ್ಧ ಬಂಧುವೊಬ್ಬರು ತಾವು ಅರುಣಾಚಲದಿಂದ ಬಂದೆವೆಂದು ಹೇಳಿದರು. ಆ ಹೆಸರು ಬಾಲಕನ ಅಂತರಂಗದಲ್ಲಿ ವಿಚಿತ್ರವಾದ ಕಂಪನವನ್ನು ಉಂಟುಮಾಡಿತು. ಅದೇ ಕಾಲಕ್ಕೆ ಶೇಕ್ಕಿಳಾರನ ಪೆರಿಯಪುರಾಣವು ಅವನ ಕೈಗೆ ಬಂದಿತು. ಅರುವತ್ತುಮೂವರು ಪುರಾತನರ ಚರಿತ್ರೆಯನ್ನು ಓದಿ ಅವನು ಪುಲಕಿತನಾದನು. ಕನ್ನಡ ನಾಡಿನ ಶರಣರಿಗೂ ಪ್ರಾತಃಸ್ಮರಣೀಯರಾದ ಆ ಪುರಾತನರೇ ಈ ಬಾಲಕನಿಗೂ ಮೊದಲ ಗುರುಗಳಾದರೆಂಬುದು ಗಮನಾರ್ಹ.

1896ರ ಜುಲೈ ತಿಂಗಳಿನ ಒಂದು ದಿನ, ಹದಿನಾರರ ಆ ಹುಡುಗನನ್ನು ಕಾರಣವಿಲ್ಲದೆ ಮರಣಭಯವು ಹಠಾತ್ತನೆ ಆವರಿಸಿತು. ಅವನು ಯಾರನ್ನೂ ಕೂಗಲಿಲ್ಲ. ವೈದ್ಯರ ಬಳಿಗೆ ಓಡಲಿಲ್ಲ. ನೆಲದ ಮೇಲೆ ಶವದಂತೆ ಚಾಚಿ ಮಲಗಿ, ಉಸಿರನ್ನು ಬಿಗಿಹಿಡಿದು, ತುಟಿಗಳನ್ನು ಮುಚ್ಚಿ, ಸಾಯುವುದು ಯಾವುದೆಂದು ಒಳಗೇ ವಿಚಾರಿಸಿದನು. ದೇಹವು ಬಿದ್ದುಹೋದರೂ ತಾನೆಂಬ ಅರಿವು ಅಳಿಯದೆಂಬ ಪ್ರತ್ಯಕ್ಷಾನುಭವವು ಆ ಕೆಲವು ನಿಮಿಷಗಳಲ್ಲಿಯೇ ಉಂಟಾಯಿತು. ಶಾಸ್ತ್ರವನ್ನು ಓದಿರದ, ಗುರುವನ್ನು ಕಂಡಿರದ ಬಾಲಕನಿಗೆ ತುಟಿ ಮುಚ್ಚಿದ ಆ ಗಳಿಗೆಯೇ ದೀಕ್ಷೆಯಾಯಿತು. ಅಂದಿನಿಂದ ಓದಿನಲ್ಲಿ, ಆಟದಲ್ಲಿ, ಊಟದಲ್ಲಿ ಇದ್ದ ಆಸಕ್ತಿಯು ಕಳಚಿಬಿದ್ದಿತು. ಮೀನಾಕ್ಷಿಯ ಗುಡಿಗೆ ಹೋಗಿ ಪುರಾತನರ ಮೂರ್ತಿಗಳೆದುರು ನಿಂತು ಕಣ್ಣೀರು ಸುರಿಸುವುದೇ ಅವನ ನಿತ್ಯಕರ್ಮವಾಯಿತು.

ಆಗಸ್ಟ್ 29ರಂದು, ತಪ್ಪಿಗಾಗಿ ಶಿಕ್ಷಕರು ವಿಧಿಸಿದ್ದ ಇಂಗ್ಲಿಷ್ ವ್ಯಾಕರಣದ ಪಾಠವನ್ನು ಮೂರು ಬಾರಿ ನಕಲು ಮಾಡುತ್ತ ಕುಳಿತಿದ್ದವನು ಪುಸ್ತಕವನ್ನು ಬದಿಗಿಟ್ಟು ಕಣ್ಣುಮುಚ್ಚಿದನು. ಇಂಥವನಿಗೆ ಶಾಲೆ, ಮನೆಗಳೇಕೆಂದು ಅಣ್ಣನು ಗದರಿಸಿದನು. ಆ ಮಾತು ಹುಡುಗನಿಗೆ ನಿಂದೆಯಾಗಿ ಕೇಳಿಸದೆ ಆದೇಶವಾಗಿ ಕೇಳಿಸಿತು. ತನ್ನ ಕಾಲೇಜಿನ ಶುಲ್ಕವನ್ನು ಕಟ್ಟುವಂತೆ ಅಣ್ಣನು ಕೊಡಿಸಿದ ಐದು ರೂಪಾಯಿಗಳಲ್ಲಿ ಮೂರನ್ನು ಮಾತ್ರ ತೆಗೆದುಕೊಂಡು, ಉಳಿದ ಎರಡನ್ನು ಒಂದು ಪತ್ರದೊಡನೆ ಇರಿಸಿ ಅವನು ಹೊರಟನು. ತನ್ನ ತಂದೆಯನ್ನು ಅರಸಿ, ಆತನ ಅಪ್ಪಣೆಯಂತೆ ಹೊರಟಿರುವುದಾಗಿಯೂ, ಯಾರೂ ದುಃಖಿಸಬಾರದೆಂದೂ, ಹುಡುಕಲು ಹಣ ವೆಚ್ಚ ಮಾಡಬಾರದೆಂದೂ ಅದರಲ್ಲಿ ತಿಳಿಸಲಾಗಿತ್ತು. ಈ ಪತ್ರದಲ್ಲಿ ಒಂದು ಸೂಕ್ಷ್ಮವಿದೆ. ಮೊದಲ ವಾಕ್ಯದಲ್ಲಿ ತನ್ನನ್ನು ಉತ್ತಮಪುರುಷದಲ್ಲಿ ಹೇಳಿಕೊಂಡ ಲೇಖಕನು ಮುಂದೆ ತನ್ನನ್ನು ಇದು ಎಂಬ ನಪುಂಸಕ ಸರ್ವನಾಮದಿಂದ ಸೂಚಿಸುತ್ತಾನೆ. ಕೊನೆಯಲ್ಲಿ ರುಜು ಇರಬೇಕಾದ ಸ್ಥಳದಲ್ಲಿ ಬರಿಯ ಗೆರೆಯೊಂದಿದೆ. ಕೆಲವೇ ಸಾಲುಗಳ ಅವಧಿಯಲ್ಲಿ ವ್ಯಕ್ತಿಯು ಕರಗಿ ಮೌನವು ಉಳಿದುದನ್ನು ಕಾಣಲು ವ್ಯಾಕರಣವನ್ನು ಬಲ್ಲವನಿಗೆ ವ್ಯಾಖ್ಯಾನವೇ ಬೇಕಿಲ್ಲ. ನಕಲು ಮಾಡದೆ ಬಿಟ್ಟ ವ್ಯಾಕರಣದ ಪಾಠವನ್ನು ಆ ಬಾಲಕನು ಹೀಗೆ ಪೂರೈಸಿದನು.

ಹಾದಿಯಲ್ಲಿ ಹಣ ಮುಗಿಯಿತು. ಸ್ವಲ್ಪ ದೂರ ರೈಲಿನಲ್ಲಿ, ಸ್ವಲ್ಪ ದೂರ ಕಾಲ್ನಡೆಯಲ್ಲಿ ಸಾಗಿ, ಕೀಳೂರಿನ ಗೃಹಸ್ಥರೊಬ್ಬರಲ್ಲಿ ಕಿವಿಯ ಒಂಟಿಗಳನ್ನು ಅಡವಿಟ್ಟು ನಾಲ್ಕು ರೂಪಾಯಿ ಪಡೆದು, ಸೆಪ್ಟೆಂಬರ್ 1ರ ಮುಂಜಾನೆ ತಿರುವಣ್ಣಾಮಲೆಯನ್ನು ಸೇರಿದನು. ಅರುಣಾಚಲೇಶ್ವರನ ಸನ್ನಿಧಿಯಲ್ಲಿ ತನ್ನ ಆಗಮನವನ್ನು ನಿವೇದಿಸಿದ ಮೇಲೆ ಕೇಶಮುಂಡನ ಮಾಡಿಸಿಕೊಂಡು, ಉಳಿದ ಹಣವನ್ನೂ ಯಜ್ಞೋಪವೀತವನ್ನೂ ತ್ಯಜಿಸಿ, ಕೌಪೀನಧಾರಿಯಾದನು. ಮುಂದಿನ ಐವತ್ತುಮೂರು ವರ್ಷಗಳಲ್ಲಿ ಅವರು ಆ ಅರುಣಗಿರಿಯ ಪರಿಸರವನ್ನು ಬಿಟ್ಟು ಹೋಗಲೇ ಇಲ್ಲ.

ವ್ರತವಲ್ಲದ ಮೌನ

ದೇವಾಲಯದ ಸಾವಿರ ಕಂಬಗಳ ಮಂಟಪದಲ್ಲಿ ಈ ಬಾಲತಪಸ್ವಿಯು ಕುಳಿತಾಗ ತುಂಟ ಹುಡುಗರು ಕಲ್ಲು ತೂರಿದರು. ಅದನ್ನು ತಪ್ಪಿಸಿಕೊಳ್ಳಲು ಪಾತಾಳಲಿಂಗದ ಕತ್ತಲೆಯ ಗುಹೆಗೆ ಇಳಿದರೆ ಅಲ್ಲಿ ಇರುವೆ ಹುಳುಗಳು ತೊಡೆಗಳನ್ನು ಕಡಿದು ಗಾಯ ಮಾಡಿದವು. ದೇಹದ ಪರಿವೆಯಿಲ್ಲದ ಆತನನ್ನು ಶೇಷಾದ್ರಿಸ್ವಾಮಿಗಳು ಗುರುತಿಸಿದ ಮೇಲೆ ಭಕ್ತರು ಎತ್ತಿ ಹೊರಗೆ ತಂದರು. ಜನರು ಅವರನ್ನು ಬ್ರಾಹ್ಮಣಸ್ವಾಮಿ ಎಂದು ಕರೆಯತೊಡಗಿದರು.

ಇಲ್ಲಿ ಒಂದು ಭೇದವನ್ನು ಗ್ರಹಿಸಬೇಕು. ಮೌನವ್ರತವೆಂಬುದು ಮಾತನ್ನು ತಡೆಹಿಡಿಯುವ ನಿಯಮ. ತುಟಿ ಮುಚ್ಚಿದ್ದರೂ ಮನಸ್ಸು ಗಿಜಿಗುಡುತ್ತಿರಬಹುದು. ರಮಣರು ಅಂತಹ ವ್ರತವನ್ನು ಕೈಗೊಂಡವರಲ್ಲ. ಮಾತನಾಡುವ ಪ್ರೇರಣೆಯೇ ಒಳಗೆ ಏಳಲಿಲ್ಲವಾದುದರಿಂದ ಮಾತು ಬರಲಿಲ್ಲವೆಂದು ಅವರು ಮುಂದೆ ವಿವರಿಸಿದ್ದುಂಟು. ಬಹುಕಾಲ ಬಳಸದಿದ್ದ ಕಾರಣ, ಮಾತನಾಡಬೇಕೆನಿಸಿದಾಗಲೂ ಸ್ವರವು ಸರಿಯಾಗಿ ಹೊರಡುತ್ತಿರಲಿಲ್ಲ.

ಗುರುಮೂರ್ತವೆಂಬ ಸ್ಥಳದಲ್ಲಿದ್ದಾಗ ತಾಲ್ಲೂಕು ಕಚೇರಿಯ ಲೆಕ್ಕಿಗರೊಬ್ಬರು ಸ್ವಾಮಿಯ ಹೆಸರು ಊರುಗಳನ್ನು ತಿಳಿಯದೆ ಕದಲುವುದಿಲ್ಲವೆಂದು ಹಟ ಹಿಡಿದರು. ಆಗ ಸ್ವಾಮಿಯು ತನ್ನ ಹೆಸರನ್ನೂ ತಿರುಚ್ಚುಳಿಯೆಂಬ ಊರಿನ ಹೆಸರನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಟ್ಟರು. ನಿರಕ್ಷರಿಯೆಂದು ಭಾವಿಸಿದ್ದ ಸ್ವಾಮಿಯು ಇಂಗ್ಲಿಷ್ ಬಲ್ಲವನೆಂದು ಲೆಕ್ಕಿಗರು ಬೆರಗಾದರು. ಆ ಊರು ಎಲ್ಲಿದೆಯೆಂದು ಅವರಿಗೆ ತಿಳಿಯದಾಗ, ಸ್ವಾಮಿಯು ಬಳಿಯಲ್ಲಿದ್ದ ಪೆರಿಯಪುರಾಣವನ್ನು ತೆರೆದು ಸುಂದರಮೂರ್ತಿಗಳು ಹಾಡಿದ ಕ್ಷೇತ್ರವಾಗಿ ಅದು ಉಲ್ಲೇಖಗೊಂಡಿರುವ ಸ್ಥಳವನ್ನು ಬೆರಳಿನಿಂದ ತೋರಿದರು. ಊರಿನ ಗುರುತನ್ನು ಕೇಳಿದವರಿಗೆ ಅವರು ಕೊಟ್ಟುದು ಶಿವಭಕ್ತಿಯ ಗುರುತು.

ತಾಯಿಯ ಕಣ್ಣೀರು

ಹೀಗೆ ಗುರುತು ಹೊರಬಿದ್ದ ಕಾರಣ ಬಂಧುಗಳು ಹುಡುಕಿಕೊಂಡು ಬಂದರು. ಮೊದಲು ಚಿಕ್ಕಪ್ಪ ನೆಲ್ಲಿಯಪ್ಪ ಅಯ್ಯರ್ ಬಂದು ಬರಿಗೈಯಲ್ಲಿ ಹಿಂದಿರುಗಿದರು. 1898ರ ಡಿಸೆಂಬರಿನಲ್ಲಿ ತಾಯಿ ಅಳಗಮ್ಮನವರು ಹಿರಿಯ ಮಗನೊಡನೆ ತಾವೇ ಬಂದರು. ಪವಳಕ್ಕುನ್ರಿನ ಬಂಡೆಯ ಮೇಲೆ, ಜಡೆಗಟ್ಟಿದ ಕೂದಲು, ಧೂಳು ಮೆತ್ತಿದ ಮೈ, ಬೆಳೆದ ಉಗುರುಗಳೊಡನೆ ಕುಳಿತಿದ್ದವನನ್ನು ತಾಯಿಯ ಕಣ್ಣು ಒಡನೆಯೇ ಗುರುತಿಸಿತು. ದಿನವೂ ತಿಂಡಿಗಳನ್ನು ತಂದು ಎದುರಿಗಿಟ್ಟು ಬೇಡಿದರು, ಗದರಿದರು, ಅತ್ತರು. ಮಗನಿಂದ ಮಾತಿಲ್ಲ. ಒಮ್ಮೆ ಅವರ ಅಳಲನ್ನು ತಾಳಲಾರದೆ ಅವನು ಎದ್ದು ಹೋದದ್ದೂ ಉಂಟು.

ನೋಡುತ್ತಿದ್ದವರ ಕರುಳು ಕರಗಿತು. ಪಚ್ಚೆಯಪ್ಪ ಪಿಳ್ಳೆಯೆಂಬವರು ಕಾಗದ ಪೆನ್ಸಿಲುಗಳನ್ನು ಮುಂದಿಟ್ಟು, ಮಾತಿನಿಂದಲ್ಲದಿದ್ದರೆ ಬರಹದಿಂದಲಾದರೂ ಆ ತಾಯಿಗೆ ಉತ್ತರ ಕೊಡಬೇಕೆಂದು ಪ್ರಾರ್ಥಿಸಿದರು. ಆಗ ಸ್ವಾಮಿಯು ಕೆಲವು ವಾಕ್ಯಗಳನ್ನು ಬರೆದರು. ಪ್ರಾರಬ್ಧಕ್ಕೆ ಅನುಗುಣವಾಗಿ ಕರ್ತನು ಎಲ್ಲರನ್ನೂ ಆಡಿಸುತ್ತಾನೆ, ಆಗಬಾರದ್ದು ಎಷ್ಟು ಯತ್ನಿಸಿದರೂ ಆಗದು, ಆಗಬೇಕಾದ್ದು ಎಷ್ಟು ತಡೆದರೂ ನಿಲ್ಲದು, ಆದುದರಿಂದ ಸುಮ್ಮನಿರುವುದೇ ಉತ್ತಮ ಎಂಬುದು ಅದರ ತಾತ್ಪರ್ಯ. ಅದರಲ್ಲಿ ಅಮ್ಮನೆಂಬ ಸಂಬೋಧನೆಯಿಲ್ಲ, ಸಾಂತ್ವನವಿಲ್ಲ. ಅಳಗಮ್ಮನವರು ಭಾರವಾದ ಹೃದಯದಿಂದ ಹಿಂದಿರುಗಿದರು. ಕಥೆಯು ಇಲ್ಲಿಗೇ ಮುಗಿದಿದ್ದರೆ ಈ ಮೌನವನ್ನು ನಿಷ್ಠುರತೆಯೆಂದು ಕರೆದವರನ್ನು ಆಕ್ಷೇಪಿಸಲು ಸಾಧ್ಯವಾಗುತ್ತಿರಲಿಲ್ಲ.

ಆದರೆ ಕಥೆ ಮುಗಿಯಲಿಲ್ಲ. 1914ರಲ್ಲಿ ಮಗನನ್ನು ನೋಡಲು ಬಂದಿದ್ದ ತಾಯಿಯು ವಿಷಮಜ್ವರದಿಂದ ಮಲಗಿದರು. ಪ್ರಾರಬ್ಧವನ್ನು ಯಾರೂ ತಡೆಯಲಾರರೆಂದು ಬರೆದಿದ್ದ ಕೈಯೇ ಈಗ ತಾಯಿಯ ಜ್ವರವನ್ನು ನೀಗುವಂತೆ ಅರುಣಾಚಲನನ್ನು ಪ್ರಾರ್ಥಿಸುವ ಪದ್ಯಗಳನ್ನು ರಚಿಸಿತು. ರಾತ್ರಿಗಳನ್ನು ಅವರು ತಾಯಿಯ ಶುಶ್ರೂಷೆಯಲ್ಲಿ ಕಳೆದರು. ತಾಯಿಯು ಚೇತರಿಸಿಕೊಂಡರು. 1916ರಲ್ಲಿ ಅಳಗಮ್ಮನವರು ಮಗನ ಬಳಿಯೇ ನೆಲಸಲು ಬಂದರು. ಕಿರಿಯ ಮಗನೂ ಹಿಂಬಾಲಿಸಿ ಬಂದು ಸಂನ್ಯಾಸ ಸ್ವೀಕರಿಸಿದನು. ಅದುವರೆಗೆ ಭಿಕ್ಷಾನ್ನದಿಂದ ನಡೆಯುತ್ತಿದ್ದ ಬೆಟ್ಟದ ಬಿಡಾರದಲ್ಲಿ ತಾಯಿಯ ಕೈಯಿಂದ ಒಲೆ ಹೊತ್ತಿತು.

1922ರ ಮೇ 19ರಂದು ತಾಯಿಯ ಅಂತ್ಯಕಾಲವು ಸಮೀಪಿಸಿತು. ಬೆಳಗಿನಿಂದ ರಾತ್ರಿಯವರೆಗೆ ಮಹರ್ಷಿಗಳು ಬಲಗೈಯನ್ನು ತಾಯಿಯ ಎದೆಯ ಮೇಲೂ ಎಡಗೈಯನ್ನು ತಲೆಯ ಮೇಲೂ ಇರಿಸಿ ಕುಳಿತರು. ಉಪದೇಶದ ಒಂದು ನುಡಿಯೂ ಇರಲಿಲ್ಲ. ಜನ್ಮಾಂತರ ವಾಸನೆಗಳೆಲ್ಲ ಏಳುತ್ತ ಅಡಗುತ್ತ ಕೊನೆಗೆ ಪ್ರಾಣವು ಹೃದಯದಲ್ಲಿ ಲೀನವಾಯಿತೆಂದು ಅವರು ಅನಂತರ ತಿಳಿಸಿದರು. ದೇಹವನ್ನು ಸುಡದೆ, ಮುಕ್ತರಿಗೆ ಸಲ್ಲುವಂತೆ ಬೆಟ್ಟದ ತಪ್ಪಲಿನಲ್ಲಿ ಸಮಾಧಿ ಮಾಡಿದರು. ಮಹರ್ಷಿಗಳು ಕೆಲವು ತಿಂಗಳಲ್ಲಿಯೇ ಬೆಟ್ಟದಿಂದಿಳಿದು ಆ ಸಮಾಧಿಯ ಬಳಿಯಲ್ಲಿ ನೆಲಸಿದರು. ಇಂದಿನ ರಮಣಾಶ್ರಮವು ಬೆಳೆದುದು ಹೀಗೆ ತಾಯಿಯ ಸಮಾಧಿಯ ಸುತ್ತಲೇ. ಇಪ್ಪತ್ತುನಾಲ್ಕು ವರ್ಷಗಳ ಹಿಂದೆ ತಾಯಿಗೆ ದೊರೆಯದ ಉತ್ತರವು ಈಗ ದೊರೆಯಿತು. ಆಗಲೂ ಅದು ಮೌನವಾಗಿಯೇ ದೊರೆಯಿತು. ಆದರೆ ಈ ಮೌನದ ಕೈಗಳು ತಾಯಿಯ ಎದೆಯ ಮೇಲಿದ್ದವು.

ಮೌನದಿಂದ ಹುಟ್ಟಿದ ಸಾಹಿತ್ಯ

ಮಹರ್ಷಿಗಳು ಕವಿಯಾಗಬೇಕೆಂದು ಬಯಸಿದವರಲ್ಲ; ಅವರ ಬರಹದಲ್ಲಿ ಹೆಚ್ಚಿನದು ಇತರರ ಪ್ರಾರ್ಥನೆಯ ಫಲ. 1899ರಿಂದ 1916ರವರೆಗೆ ವಿರೂಪಾಕ್ಷ ಗುಹೆಯಲ್ಲಿದ್ದಾಗ, ಕಂದಾಯ ಇಲಾಖೆಯಲ್ಲಿದ್ದ ಶಿವಪ್ರಕಾಶಂ ಪಿಳ್ಳೆಯವರು 1902ರಲ್ಲಿ ಬಂದು ತಾನು ಯಾರೆಂಬುದೇ ಮೊದಲಾದ ಪ್ರಶ್ನೆಗಳನ್ನು ಕೇಳಿದರು. ಉತ್ತರಗಳು ಮರಳಿನ ಮೇಲೆ, ಹಲಗೆಯ ಮೇಲೆ ಬರೆಯಲ್ಪಟ್ಟವು. ಗಾಳಿಗೆ ಅಳಿಯಬಹುದಾಗಿದ್ದ ಆ ಅಕ್ಷರಗಳೇ ಮುಂದೆ ನಾನಾರ್ ಎಂಬ ಗ್ರಂಥವಾದವು. ಭಿಕ್ಷೆಗೆ ಹೋಗುವ ಭಕ್ತರು ಹಾಡಲೆಂದು ನೂರೆಂಟು ದ್ವಿಪದಿಗಳ ಅಕ್ಷರಮಣಮಾಲೆಯು ಹುಟ್ಟಿತು. ಕವಿ ಮುರುಗನಾರ್ ಅವರ ಬೇಡಿಕೆಯಂತೆ 1927ರಲ್ಲಿ ಉಪದೇಶವುಂದಿಯಾರ್ ರಚಿತವಾಯಿತು. ಅದನ್ನು ಮಹರ್ಷಿಗಳೇ ಉಪದೇಶಸಾರವೆಂದು ಸಂಸ್ಕೃತಕ್ಕೆ ತಂದರು. ಮೂವತ್ತೇ ಪದ್ಯಗಳಲ್ಲಿ ಕರ್ಮ, ಭಕ್ತಿ, ಯೋಗ, ಜ್ಞಾನಗಳ ಸಾರವನ್ನು ಹಿಡಿದಿಟ್ಟ ಆ ಸಂಕ್ಷೇಪವು ಮಿತಭಾಷೆಗೆ ಮೇಲ್ಪಂಕ್ತಿಯಾಗಿದೆ.

1907ರ ನವೆಂಬರ್ 18ರಂದು ಕಾವ್ಯಕಂಠ ಗಣಪತಿ ಶಾಸ್ತ್ರಿಗಳು ಗುಹೆಗೆ ಬಂದುದು ಒಂದು ಅಪೂರ್ವ ಸಂಗಮ. ಆಶುಕವಿತ್ವದಿಂದ ವಿದ್ವತ್ಸಭೆಗಳನ್ನು ಗೆದ್ದಿದ್ದ ಆ ಪಂಡಿತರು, ಶಾಸ್ತ್ರಗಳನ್ನು ಓದಿ ಮಂತ್ರಗಳನ್ನು ಜಪಿಸಿದ್ದರೂ ತಪಸ್ಸಿನ ಸ್ವರೂಪವು ತಿಳಿಯಲಿಲ್ಲವೆಂದು ಪಾದಗಳಿಗೆರಗಿದರು. ಸ್ವಾಮಿಯು ಸುಮಾರು ಕಾಲು ಗಂಟೆಯ ಕಾಲ ದಿಟ್ಟಿಸಿ ನೋಡಿದರು. ಅನಂತರ, ಅಹಂಭಾವವು ಎಲ್ಲಿಂದ ಹುಟ್ಟುವುದೋ, ಮಂತ್ರದ ನಾದವು ಎಲ್ಲಿಂದ ಏಳುವುದೋ ಆ ಮೂಲವನ್ನು ಗಮನಿಸಿದರೆ ಮನಸ್ಸು ಅಲ್ಲಿಯೇ ಲಯವಾಗುವುದು, ಅದೇ ತಪಸ್ಸೆಂದು ನಿಧಾನವಾಗಿ ತಿಳಿಸಿದರು. ಭಗವಾನ್ ರಮಣ ಮಹರ್ಷಿ ಎಂಬ ಹೆಸರನ್ನು ಲೋಕಕ್ಕೆ ಕೊಟ್ಟವರು ಈ ಗಣಪತಿ ಮುನಿಗಳೇ. ಅವರ ಸಂಸ್ಕೃತ ರಮಣಗೀತೆಯಲ್ಲಿ ಪ್ರಶ್ನಿಸುವವರಲ್ಲಿ ಗೋಕರ್ಣದ ದೈವರಾತರೂ ಒಬ್ಬರಾಗಿರುವುದು ಕನ್ನಡಿಗರು ನೆನೆಯತಕ್ಕ ವಿಷಯ.

ಇನ್ನೊಂದು ಸಂಬಂಧವೂ ಇದೆ. ಚಾಮರಸನ ಪ್ರಭುಲಿಂಗಲೀಲೆಯನ್ನು ಹದಿನೇಳನೆಯ ಶತಮಾನದಲ್ಲಿ ಶಿವಪ್ರಕಾಶ ಸ್ವಾಮಿಗಳು ತಮಿಳಿಗೆ ತಂದರು. ಅದರಲ್ಲಿ ಬರುವ ಅಲ್ಲಮಪ್ರಭು ಮತ್ತು ಗೋರಕ್ಷರ ಪ್ರಸಂಗವನ್ನು ಮಹರ್ಷಿಗಳು ಆಶ್ರಮದ ಸಭಾಮಂದಿರದಲ್ಲಿ ಹೇಳುತ್ತಿದ್ದರು. ಗೋರಕ್ಷನ ವಜ್ರದೇಹಕ್ಕೆ ಕತ್ತಿ ತಗುಲಿದಾಗ ಖಣಖಣಿಸಿತು. ಅಲ್ಲಮನ ದೇಹದಲ್ಲಿಯೋ ಅದು ಬಯಲಿನಲ್ಲಿ ಆಡಿದಂತೆ ಹಾದುಹೋಯಿತು. ಸದ್ದು ಮಾಡಿದುದು ದೇಹಾಭಿಮಾನ, ಸದ್ದಿಲ್ಲದುದು ಬಯಲು. ಕನ್ನಡ ನಾಡಿನ ಶೂನ್ಯಸಿಂಹಾಸನಾಧೀಶ್ವರನ ಮೌನವನ್ನು ಅರುಣಾಚಲದ ಮೌನಿಯು ತನ್ನದೆಂದೇ ಗುರುತಿಸಿದುದರಲ್ಲಿ ಆಶ್ಚರ್ಯವಿಲ್ಲ.

ಮೌನಕ್ಕೂ ಸಾಹಿತ್ಯಕ್ಕೂ ಇರುವ ನಂಟನ್ನು ತಿಳಿಸಲು ಅವರು ತತ್ತ್ವರಾಯನ ಕಥೆಯನ್ನು ಹೇಳುತ್ತಿದ್ದರು. ಭರಣಿ ಎಂಬುದು ಯುದ್ಧದಲ್ಲಿ ಸಾವಿರ ಆನೆಗಳನ್ನು ಕೊಂದ ವೀರನಿಗೆ ಮೀಸಲಾದ ತಮಿಳು ಕಾವ್ಯಪ್ರಕಾರ. ತತ್ತ್ವರಾಯನು ತನ್ನ ಗುರು ಸ್ವರೂಪಾನಂದರ ಮೇಲೆ ಭರಣಿಯನ್ನು ರಚಿಸಿದಾಗ ಪಂಡಿತರು ಆಕ್ಷೇಪಿಸಿದರು. ಅವನು ಅವರನ್ನು ಗುರುವಿನ ಬಳಿಗೆ ಕರೆದೊಯ್ದನು. ಗುರುವು ಸುಮ್ಮನೆ ಕುಳಿತರು; ಪಂಡಿತರೂ ಕುಳಿತರು. ಯಾರ ಮನಸ್ಸಿನಲ್ಲಿಯೂ ಒಂದು ಯೋಚನೆ ಏಳದೆ ಮೂರು ನಾಲ್ಕು ದಿನಗಳು ಕಳೆದವು. ಎಚ್ಚತ್ತ ಪಂಡಿತರು, ಅಹಂಕಾರಗಳೆಂಬ ಮದಗಜಗಳನ್ನು ನೋಟಮಾತ್ರದಿಂದ ಅಡಗಿಸಿದ ಇವರ ಮುಂದೆ ಸಾವಿರ ಆನೆಗಳ ವಧೆ ಯಾವ ಲೆಕ್ಕವೆಂದು ಒಪ್ಪಿಕೊಂಡರು. ಶುದ್ಧ ಅರಿವಿನಿಂದ ಅಹಂಕಾರ, ಅಹಂಕಾರದಿಂದ ಆಲೋಚನೆ, ಆಲೋಚನೆಯಿಂದ ಮಾತು ಹುಟ್ಟುವುದರಿಂದ, ಮಾತೆಂಬುದು ಮೂಲದ ಮರಿಮೊಮ್ಮಗನೆಂದು ಮಹರ್ಷಿಗಳು ವಿವರಿಸುತ್ತಿದ್ದರು. ಮರಿಮೊಮ್ಮಗನಿಗೇ ಇಷ್ಟು ಶಕ್ತಿಯಿದ್ದರೆ ಮೂಲಪುರುಷನ ಶಕ್ತಿ ಎಷ್ಟಿರಬೇಕೆಂಬುದು ಅವರ ತರ್ಕ.

ಮಾತು ಬೇಕಾದೆಡೆ ಮಾತು

ಮಹರ್ಷಿಗಳ ಮೌನವು ಕರ್ತವ್ಯದಿಂದ ನುಣುಚಿಕೊಳ್ಳುವ ಉಪಾಯವಾಗಿರಲಿಲ್ಲ. ಅವರು ಬೆಳಗಿನ ಜಾವಕ್ಕೆ ಎದ್ದು ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದರು. ಅಚ್ಚಿನ ಕರಡುಗಳನ್ನು ತಿದ್ದುತ್ತಿದ್ದರು. ಪಂಕ್ತಿಯಲ್ಲಿ ತಮಗೆ ವಿಶೇಷವಾಗಿ ಬಡಿಸಿದರೆ ಸುಮ್ಮನಿರದೆ ಆಕ್ಷೇಪಿಸುತ್ತಿದ್ದರು. 1924ರ ಜೂನ್ 26ರ ರಾತ್ರಿ ಕಳ್ಳರು ನುಗ್ಗಿ ತೊಡೆಗೆ ಹೊಡೆದಾಗ, ಅವರ ಮೇಲೆ ಕೈಮಾಡಲು ಹೊರಟ ಶಿಷ್ಯರನ್ನು ತಡೆಯಲು ಮಾತನ್ನು ಬಳಸಿದರು. ತಮ್ಮ ನೋವನ್ನು ಹೇಳಿಕೊಳ್ಳಲು ಬಳಸಲಿಲ್ಲ. 1931ರಲ್ಲಿ ಬಂದ ಆಂಗ್ಲ ಲೇಖಕ ಪಾಲ್ ಬ್ರಂಟನ್ ತಾನು ಸಿದ್ಧಪಡಿಸಿದ್ದ ಪ್ರಶ್ನೆಗಳು ಆ ಸನ್ನಿಧಿಯಲ್ಲಿ ಒಂದೊಂದಾಗಿ ಕರಗಿಹೋದುದನ್ನು 1934ರಲ್ಲಿ ಪ್ರಕಟವಾದ ಗ್ರಂಥದಲ್ಲಿ ವರ್ಣಿಸಿದನು. 1938ರಲ್ಲಿ ಬಂದ ಬಾಬು ರಾಜೇಂದ್ರಪ್ರಸಾದರು ಗಾಂಧೀಜಿಗೆ ಸಂದೇಶವೇನಾದರೂ ಇದೆಯೇ ಎಂದು ವಿಚಾರಿಸಿದಾಗ, ಹೃದಯವು ಹೃದಯದೊಡನೆ ಮಾತನಾಡುತ್ತಿರುವಾಗ ಬೇರೆ ಸಂದೇಶವೇಕೆಂಬುದೇ ಉತ್ತರವಾಯಿತು.

ಕೊನೆಯ ದಿನಗಳು

ಎಡದೋಳಿನಲ್ಲಿ ಕಾಣಿಸಿಕೊಂಡ ಗಂಟು ಅರ್ಬುದವಾಗಿ ಬೆಳೆಯಿತು. 1949ರಲ್ಲಿ ನಾಲ್ಕು ಬಾರಿ ಶಸ್ತ್ರಚಿಕಿತ್ಸೆಯಾಯಿತು. ತೋಳನ್ನು ತೆಗೆಯಬೇಕೆಂಬ ಸಲಹೆಯನ್ನು ಅವರು ಒಪ್ಪಲಿಲ್ಲ. ನೋವಿನ ವಿಷಯದಲ್ಲಿ ಮೌನ, ದರ್ಶನಾರ್ಥಿಗಳ ವಿಷಯದಲ್ಲಿ ಔದಾರ್ಯ, ಇದು ಅವರ ರೀತಿಯಾಗಿತ್ತು. ಬಂದವರಾರಿಗೂ ದರ್ಶನವನ್ನು ನಿರಾಕರಿಸಬಾರದೆಂದು ವಿಧಿಸಿದರು. ತಮ್ಮನ್ನು ಅಗಲುತ್ತಾರೆಂದು ಅಳುವವರಿಗೆ, ತಾವು ಹೋಗುವುದಾದರೂ ಎಲ್ಲಿಗೆಂಬ ಭಾವದ ಮಾತಿನಿಂದ ಸಮಾಧಾನ ಮಾಡಿದರು. 1950ರ ಏಪ್ರಿಲ್ 14ರ ಸಂಜೆ ಹೊರಗೆ ಕುಳಿತ ಭಕ್ತರು ಅಕ್ಷರಮಣಮಾಲೆಯನ್ನು ಹಾಡತೊಡಗಿದರು. ಆ ಹಾಡನ್ನು ಕೇಳಿ ಮಹರ್ಷಿಗಳು ಕಣ್ತೆರೆದರು. ಕಣ್ಣಂಚಿನಿಂದ ಆನಂದಬಾಷ್ಪಗಳು ಉರುಳಿದವು. ರಾತ್ರಿ 8 ಗಂಟೆ 47 ನಿಮಿಷಕ್ಕೆ ಉಸಿರು ಸದ್ದಿಲ್ಲದೆ ನಿಂತಿತು. ಅದೇ ಹೊತ್ತಿನಲ್ಲಿ ಆಕಾಶದಲ್ಲಿ ಉಲ್ಕೆಯೊಂದು ಸಾಗಿದುದನ್ನು ಹಲವರು ಕಂಡರು.

ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆಯನ್ನು ಮಕ್ಕಳಿಗೆ ಶಾಲೆಗಳಲ್ಲಿ ಕಲಿಸುವುದುಂಟು. ಆದರೆ ಎಲ್ಲ ಮೌನವೂ ಬಂಗಾರವಲ್ಲ. ಅಂಜಿಕೆಯ ಮೌನವಿದೆ, ಅಲಕ್ಷ್ಯದ ಮೌನವಿದೆ, ಅನ್ಯಾಯವನ್ನು ಕಂಡೂ ಕಾಣದಂತಿರುವ ಮೌನವಿದೆ. ಅವುಗಳಿಗೂ ಮಹರ್ಷಿಗಳ ಮೌನಕ್ಕೂ ಇರುವ ಅಂತರವನ್ನು ಅಳೆಯಲು ಆ ತಾಯಿಯ ಕಥೆಯೇ ಒರೆಗಲ್ಲು. ಎದುರಿನವರ ದುಃಖದಿಂದ ದೂರ ಸರಿಯುವ ಮೌನವು ಬರಡು. ದುಃಖಿಗಳ ಎದೆಯ ಮೇಲೆ ಕೈಯಿಟ್ಟು ಕೊನೆಯವರೆಗೂ ಜೊತೆಗಿರುವ ಮೌನವೇ ಉಪದೇಶ. ಪಾಠ ಹೇಳುವ ಗುರುವಿಗೂ, ಕವಿತೆ ಬರೆಯುವ ಕವಿಗೂ, ಬಲಗೈ ಕೊಟ್ಟುದನ್ನು ಎಡಗೈಗೆ ತಿಳಿಸದ ದಾನಿಗೂ ಈ ಮೌನದಲ್ಲಿ ಪಾಲಿದೆ. ಪವಳಕ್ಕುನ್ರಿನ ಬಂಡೆಯಿಂದ ತಾಯಿಯ ಸಮಾಧಿಯವರೆಗೆ ಮಹರ್ಷಿಗಳು ನಡೆದ ಹಾದಿಯು ದೂರದಲ್ಲಿ ಹೆಚ್ಚಿನದಲ್ಲ. ಆದರೆ ಅದನ್ನು ನಡೆಯಲು ಅವರಿಗೆ ಇಪ್ಪತ್ತುನಾಲ್ಕು ವರ್ಷಗಳು ಹಿಡಿದವು. ಮೌನವು ಪಕ್ವವಾಗಲು ಕಾಲ ಬೇಕು. ಆ ಪಕ್ವತೆಯನ್ನು ಪಡೆದ ಮಹಾನುಭಾವರ ಸ್ಮರಣೆಯು ನಮ್ಮ ಮಾತುಗಳನ್ನು ಹದಗೊಳಿಸಲಿ.